ನಳಿಕೆಯ ಮೂಲಕ ಆಹಾರ ಪಡೆಯುವ ಮಕ್ಕಳು: ಮನೆಯ ಆರೈಕೆಯಲ್ಲಿ ನೈರ್ಮಲ್ಯ



ಮಗುವಿಗೆ ತುತ್ತು ಮಾಡಿ ಉಣಿಸುವುದು ಮನೆಯ ಸಂಭ್ರಮಗಳಲ್ಲೊಂದು. ಆದರೆ ಎಲ್ಲ ಮಕ್ಕಳಿಗೂ ಬಾಯಿಯಿಂದ ಉಣ್ಣುವ ಭಾಗ್ಯ ಇರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಹೀರುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಎಂದು ಕರೆಯಲಾಗುವ ಮೆದುಳಿನ ತೊಂದರೆಯಿಂದ ನರಳುವ ಮಗುವಿಗೆ ನುಂಗುವ ಸ್ನಾಯುಗಳು ವಶದಲ್ಲಿರುವುದಿಲ್ಲ. ಆಹಾರವು ಅನ್ನನಾಳಕ್ಕೆ ಇಳಿಯುವ ಬದಲು ಶ್ವಾಸನಾಳಕ್ಕೆ ಜಾರುತ್ತದೆ. ಹುಟ್ಟಿನಿಂದಲೇ ಹೃದಯದ ದೋಷವಿರುವ ಕೆಲವು ಮಕ್ಕಳು ಹಾಲು ಕುಡಿಯುವಷ್ಟರಲ್ಲಿಯೇ ದಣಿದುಹೋಗುತ್ತಾರೆ. ಇಂಥ ಮಕ್ಕಳಿಗೆ ವೈದ್ಯರು ನಳಿಕೆಯ ಮೂಲಕ ಆಹಾರ ಕೊಡುವ ಏರ್ಪಾಡು ಮಾಡುತ್ತಾರೆ.

ಈ ನಳಿಕೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೂಗಿನ ಹೊಳ್ಳೆಯಿಂದ ಒಳಹೊಕ್ಕು ಅನ್ನನಾಳದ ಮೂಲಕ ಜಠರವನ್ನು ತಲಪುವ ನಳಿಕೆ ಮೊದಲನೆಯದು. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ರೈಲ್ಸ್ ಟ್ಯೂಬ್ ಎಂದು ಕರೆಯುವುದು ರೂಢಿ. ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ರಂಧ್ರವನ್ನು ಮಾಡಿ ನೇರವಾಗಿ ಜಠರಕ್ಕೆ ಸೇರಿಸುವ ನಳಿಕೆ ಎರಡನೆಯದು. ಹಲವು ತಿಂಗಳು ಅಥವಾ ವರ್ಷಗಳ ಕಾಲ ನಳಿಕೆ ಬೇಕಾಗುವ ಮಕ್ಕಳಿಗೆ ಎರಡನೆಯದನ್ನೇ ಆರಿಸುವುದುಂಟು. ಇವುಗಳಲ್ಲಿ ಯಾವುದೂ ವಿಚಿತ್ರವಾದುದಲ್ಲ, ಅಪರೂಪವಾದುದೂ ಅಲ್ಲ. 1790ರಷ್ಟು ಹಿಂದೆಯೇ ಜಾನ್ ಹಂಟರ್ ಎಂಬ ಸ್ಕಾಟಿಷ್ ಶಸ್ತ್ರವೈದ್ಯನು ಹಾವುಮೀನಿನ ಚರ್ಮದಿಂದ ನಳಿಕೆಯನ್ನು ಮಾಡಿ, ನುಂಗಲಾರದ ರೋಗಿಯೊಬ್ಬನಿಗೆ ಆಹಾರ ಕೊಟ್ಟನು. 1979ರಲ್ಲಿ ಅಮೆರಿಕೆಯಲ್ಲಿ ವೈದ್ಯರಾದ ಗಾಡರರ್ ಮತ್ತು ಪಾನ್‌ಸ್ಕಿ ಎಂಬವರು ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ, ದೂರದರ್ಶಕದಂಥ ಕೊಳವೆಯ ಸಹಾಯದಿಂದ ಹೊಟ್ಟೆಯ ನಳಿಕೆಯನ್ನು ಇಡುವ ವಿಧಾನವನ್ನು ಮೊದಲಿಗೆ ಪ್ರಯೋಗಿಸಿದುದು ಒಂದು ಹಸುಗೂಸಿನ ಮೇಲೆಯೇ.

ಆದುದರಿಂದ, "ನಮ್ಮ ಮಗು ಬಾಯಿಂದ ಉಣ್ಣಲಿಲ್ಲವಲ್ಲ" ಎಂದು ತಾಯಿಯಾದವಳು ತನ್ನನ್ನು ತಾನೇ ದೂಷಿಸಿಕೊಳ್ಳಬೇಕಾದ ಕಾರಣವಿಲ್ಲ. ನಳಿಕೆಯು ಮಗುವಿನ ಪಾಲಿಗೆ ಅನ್ನದ ದಾರಿ. ಈ ದಾರಿಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದೇ ಈ ದಿನದ ವಿಷಯ.

ನಾಲಿಗೆಯ ಕಾವಲು ಇಲ್ಲದ ದಾರಿ

ಬಾಯಿಯಿಂದ ಉಣ್ಣುವ ಮಗುವಿಗೆ ಪ್ರಕೃತಿಯು ಹಲವು ಕಾವಲುಗಾರರನ್ನು ಇಟ್ಟಿದೆ. ಹುಳಿ ಬಂದ ಹಾಲನ್ನು ಮೂಗು ಗುರುತಿಸುತ್ತದೆ. ಹಳಸಿದ ಗಂಜಿಯನ್ನು ನಾಲಿಗೆ ಉಗುಳುತ್ತದೆ. ಜೊಲ್ಲು ಬಾಯಿಯನ್ನು ಸದಾ ತೊಳೆಯುತ್ತಿರುತ್ತದೆ. ನಳಿಕೆಯ ಮೂಲಕ ಹೋಗುವ ಆಹಾರವು ಈ ಕಾವಲುಗಳನ್ನೆಲ್ಲ ದಾಟಿ ಹೋಗುತ್ತದೆ. ಒಳಗೆ ಬಂದುದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಅವಕಾಶವೇ ಮಗುವಿಗಿಲ್ಲ. ಇನ್ನು ಉಳಿದ ಒಂದು ಕಾವಲು ಜಠರದ ಆಮ್ಲ. ಅದು ಅನೇಕ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಆಮ್ಲವನ್ನು ಕಡಮೆ ಮಾಡುವ ಔಷಧಿಯನ್ನು ಪಡೆಯುತ್ತಿರುವ ಮಕ್ಕಳಲ್ಲಿ, ಹಾಗೂ ನಳಿಕೆಯ ತುದಿ ಜಠರವನ್ನು ದಾಟಿ ಕರುಳಿನಲ್ಲಿರುವ ಮಕ್ಕಳಲ್ಲಿ, ಆ ಕಾವಲೂ ದುರ್ಬಲವಾಗಿರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಂತೂ ಆಮ್ಲವೂ ಕಡಮೆ, ರೋಗ ನಿರೋಧಕ ಶಕ್ತಿಯೂ ಕಡಮೆ.

ಹೀಗಿರುವಲ್ಲಿ, ಮಗುವಿನ ನಾಲಿಗೆ ಮಾಡಬೇಕಾಗಿದ್ದ ಕೆಲಸವನ್ನು ಉಣಿಸುವವರ ಕೈಗಳು ಮಾಡಬೇಕಾಗಿದೆ. ದಿನಕ್ಕೆ 7 ಬಾರಿ ಆಹಾರ ಕೊಡುವಿರೆಂದು ಇಟ್ಟುಕೊಂಡರೆ, ವರ್ಷಕ್ಕೆ 2,555 ಬಾರಿ ಈ ಕೆಲಸ ನಡೆಯುತ್ತದೆ; ಔಷಧಿ ಕೊಡುವ ಸಲಗಳು ಬೇರೆ. ಇಷ್ಟು ಬಾರಿ ನಡೆಯುವ ಕೆಲಸದಲ್ಲಿ ಆಸಕ್ತಿ, ಎಚ್ಚರ ಎಂಬವುಗಳ ಮೇಲೆ ಮಾತ್ರ ನೆಚ್ಚಿಕೊಂಡಿರಲು ಸಾಧ್ಯವಿಲ್ಲ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವಂತೆ ಅದು ಅಭ್ಯಾಸವಾಗಿಹೋಗಬೇಕು.

ಕೈಗಳು

ರೋಗಾಣುಗಳು ನಳಿಕೆಯನ್ನು ತಲಪುವ ಹೆದ್ದಾರಿ ನಮ್ಮ ಕೈಗಳೇ. ಇದು ಹೊಸ ತಿಳಿವಳಿಕೆಯಲ್ಲ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯ ಸೆಮ್ಮೆಲ್‌ವೈಸ್ ಎಂಬವರು, ಪರೀಕ್ಷೆಗೆ ಮುನ್ನ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದರು. ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಬಾಣಂತಿಯರ ಮರಣ ನೂರಕ್ಕೆ 18ನ್ನು ಮೀರಿದ್ದಿತು. ಜೂನ್ ತಿಂಗಳಿಗೆ ಅದು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ರೋಗಾಣುಗಳ ವಿಷಯ ಲೋಕಕ್ಕೆ ಸರಿಯಾಗಿ ತಿಳಿಯುವ ಮೊದಲೇ, ಕೈ ತೊಳೆಯುವುದರ ಫಲ ಹೀಗೆ ಕಂಡುಬಂದಿತ್ತು.

ಕೈ ತೊಳೆಯುವುದೆಂದರೆ ನೀರಿನಲ್ಲಿ ಅದ್ದಿ ತೆಗೆಯುವುದಲ್ಲ. ಉಂಗುರ, ಕೈಗಡಿಯಾರಗಳನ್ನು ತೆಗೆದಿಟ್ಟು, ಬಳೆಗಳನ್ನು ಮೇಲಕ್ಕೆ ಸರಿಸಿ, ಕೈ ಒದ್ದೆ ಮಾಡಿ ಸಾಬೂನು ಹಚ್ಚಿ, ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳ ಬುಡ, ಉಗುರಿನ ತುದಿ ಮತ್ತು ಮಣಿಕಟ್ಟುಗಳನ್ನು ಕನಿಷ್ಠ 20 ಸೆಕೆಂಡುಗಳ ಕಾಲ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ನಲ್ಲಿಯಿಲ್ಲದ ಮನೆಯಲ್ಲಿ ಇನ್ನೊಬ್ಬರು ಚೊಂಬಿನಿಂದ ನೀರು ಹೊಯ್ದರೆ ಸಾಕು. ಬೂದಿ ಮತ್ತು ಮಣ್ಣನ್ನು ಉಪಯೋಗಿಸಕೂಡದು. ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿಕೊಂಡಿರುವುದು ಅವಶ್ಯ.

ತೊಳೆದ ಕೈಯನ್ನು ಒರೆಸುವ ವಿಷಯದಲ್ಲಿ ನಮ್ಮ ತಾಯಂದಿರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಚೆನ್ನಾಗಿ ತೊಳೆದ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡರೆ ತೊಳೆದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಬೆಳಗಿನಿಂದ ಒಲೆಯ ಮುಂದೆ, ಹಿತ್ತಲಿನಲ್ಲಿ, ಮಗುವಿನ ಮೂಗು ಒರೆಸುವುದರಲ್ಲಿ ಸೆರಗು ಬಳಕೆಯಾಗಿರುತ್ತದೆ. ಇದಕ್ಕೆಂದೇ ಬೇರೆಯಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯ ತುಂಡುಗಳನ್ನು ಇಟ್ಟುಕೊಳ್ಳಬೇಕು. ಇಲ್ಲವೇ ಕೈಯನ್ನು ಗಾಳಿಗೆ ಆರಿಸಿಕೊಳ್ಳಬೇಕು. ಶೌಚದ ನಂತರ, ಮಗುವಿನ ಕೊಳೆ ಬಟ್ಟೆ ಬದಲಿಸಿದ ನಂತರ, ಹಸು ಎಮ್ಮೆಗಳನ್ನು ಮುಟ್ಟಿದ ನಂತರ, ಹಸಿ ಮೊಟ್ಟೆ ಮಾಂಸಗಳನ್ನು ಮುಟ್ಟಿದ ನಂತರ, ಮತ್ತು ಆಹಾರ ತಯಾರಿಸುವ ಮುನ್ನ, ನಳಿಕೆಯನ್ನು ಮುಟ್ಟುವ ಮುನ್ನ ಕೈ ತೊಳೆಯತಕ್ಕದ್ದು. ನಡುವೆ ಬಾಗಿಲು ತೆರೆಯಲೋ ದೂರವಾಣಿ ಎತ್ತಲೋ ಹೋದರೆ ಮರಳಿ ತೊಳೆಯಬೇಕು. ಈಗ ಎಲ್ಲರ ಕೈಯಲ್ಲೂ ಇರುವ ಮೊಬೈಲ್ ಫೋನು ಈ ಕೆಲಸದ ಹೊತ್ತಿನಲ್ಲಿ ಇನ್ನೊಂದು ಕೋಣೆಯಲ್ಲಿರುವುದೇ ಒಳಿತು.

ನೀರು ಮತ್ತು ಆಹಾರ

ನಳಿಕೆಗೆ ಹೋಗುವ ನೀರು ಕುದಿಸಿ ಆರಿಸಿದ ನೀರಾಗಿರಬೇಕು. ಬಾವಿಯ ನೀರಾಗಲಿ, ಕೊಳವೆಬಾವಿಯ ನೀರಾಗಲಿ, ನಲ್ಲಿಯ ನೀರಾಗಲಿ, ಚೆನ್ನಾಗಿ ಉಕ್ಕಿ ಮರಳುವವರೆಗೆ ಕಾಯಿಸಿ ಕನಿಷ್ಠ ಒಂದು ನಿಮಿಷ ಹಾಗೆಯೇ ಕುದಿಯಲು ಬಿಟ್ಟು, ಮುಚ್ಚಿದ ಪಾತ್ರೆಯಲ್ಲೇ ಆರಿಸಬೇಕು. ಆರಿದ ನೀರಿಗೆ ಕೈ ಹಾಕಕೂಡದು, ಲೋಟ ಅದ್ದಕೂಡದು. ಉದ್ದ ಹಿಡಿಯ ಸೌಟಿನಿಂದ ತೆಗೆಯಬೇಕು ಅಥವಾ ಬಗ್ಗಿಸಿಕೊಳ್ಳಬೇಕು. ದಿನಕ್ಕೊಮ್ಮೆ ಹೊಸದಾಗಿ ಕಾಯಿಸಬೇಕು.

ಶಿಶುವಿಗೆ ತಾಯಿಯ ಹಾಲಿಗೆ ಸಮನಾದುದು ಮತ್ತೊಂದಿಲ್ಲ. ನಳಿಕೆಯ ಮೂಲಕ ಕೊಡುವಾಗಲೂ ಈ ಮಾತು ಸತ್ಯ. ತೊಳೆದ ಕೈಯಿಂದ ಹಿಂಡಿ, ಕುದಿಸಿದ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟ ಎದೆಹಾಲನ್ನು ತಂಪಾದ ಕೋಣೆಯಲ್ಲಿ ಸುಮಾರು 4 ಗಂಟೆಗಳೊಳಗೆ, ಶೀತಕದಲ್ಲಿಟ್ಟರೆ 24 ಗಂಟೆಗಳೊಳಗೆ ಉಪಯೋಗಿಸುವುದು ಕ್ಷೇಮಕರ. ಕಡು ಬೇಸಿಗೆಯಲ್ಲಿ ಅವಧಿಯನ್ನು ಇನ್ನೂ ಕಡಮೆ ಮಾಡಿಕೊಳ್ಳಬೇಕು. ಅದನ್ನು ಒಲೆಯ ಮೇಲೆ ಕಾಯಿಸಬಾರದು. ಬಿಸಿ ನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಬೇಕು.

ಹಾಲುಪುಡಿಯ ಬಗ್ಗೆ ಒಂದು ತಪ್ಪು ನಂಬಿಕೆ ಎಲ್ಲೆಲ್ಲೂ ಇದೆ. ಡಬ್ಬಿ ಮುಚ್ಚಿ ಬಂದ ಮಾತ್ರಕ್ಕೆ ಅದರಲ್ಲಿ ರೋಗಾಣುಗಳಿಲ್ಲವೆಂದು ಜನರು ತಿಳಿಯುತ್ತಾರೆ. ಇದು ಸರಿಯಲ್ಲ. 2001ರಲ್ಲಿ ಅಮೆರಿಕೆಯ ಟೆನೆಸ್ಸಿ ರಾಜ್ಯದ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುವೊಂದು ಮೆದುಳಿನ ಪೊರೆಯ ಉರಿಯೂತದಿಂದ ತೀರಿಕೊಂಡಿತು. ಅದಕ್ಕೆ ಕಾರಣವಾದ, ಈಗ ಕ್ರೊನೊಬ್ಯಾಕ್ಟರ್ ಎಂದು ಕರೆಯಲಾಗುವ ರೋಗಾಣುವು, ಶಿಶುಗಳಿಗೆ ಕೊಡುತ್ತಿದ್ದ ಹಾಲುಪುಡಿಯಲ್ಲಿ ತನಿಖೆಯ ವೇಳೆ ಕಂಡುಬಂದಿತು. ತೆರೆಯದ ಡಬ್ಬಿಯಲ್ಲಿಯೂ ಅದಿತ್ತು. ಈ ಬಗೆಯ ಅನುಭವಗಳ ನಂತರ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯೂ ಸೇರಿ ಮಾರ್ಗಸೂಚಿಯನ್ನು ಹೊರಡಿಸಿದುವು. ಶಿಶುಗಳ ಹಾಲುಪುಡಿಯನ್ನು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆಯಿಲ್ಲದ ಬಿಸಿ ನೀರಿನಲ್ಲಿ ಕಲಸಬೇಕು ಎಂಬುದು ಅದರ ಮುಖ್ಯ ಸೂಚನೆ. ಮನೆಯಲ್ಲಿ ಉಷ್ಣಮಾಪಕವಿಲ್ಲದವರು, ಕುದಿದ ನೀರನ್ನು ಒಲೆಯಿಂದ ಇಳಿಸಿ 30 ನಿಮಿಷ ಮೀರುವುದರೊಳಗೆ ಪುಡಿಯನ್ನು ಬೆರೆಸಿದರೆ ಸರಿಹೋಗುತ್ತದೆ. ಆ ಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ಬಿಸಿ ನೋಡಿ ಕೊಡಬೇಕು. ಕಲಸಿದ ಹಾಲನ್ನು 2 ಗಂಟೆಗಳೊಳಗೆ ಮುಗಿಸಬೇಕು. ಡಬ್ಬಿಯೊಳಗಿನ ಅಳತೆಯ ಚಮಚವನ್ನು ಒದ್ದೆ ಕೈಯಿಂದ ಮುಟ್ಟಬಾರದು. ವಿಶೇಷ ಆಹಾರದ ಪುಡಿಗಳಿಗೆ ಬೇರೆ ವಿಧಾನವಿದ್ದರೆ ವೈದ್ಯರು ತಿಳಿಸಿದಂತೆ ನಡೆಯತಕ್ಕದ್ದು.

ದೊಡ್ಡ ಮಕ್ಕಳಿಗೆ ರಾಗಿ ಗಂಜಿ, ಅಕ್ಕಿ ಗಂಜಿ, ಬೇಳೆಯ ಕಟ್ಟು, ಬೇಯಿಸಿ ಅರೆದ ತರಕಾರಿಗಳನ್ನು ತೆಳ್ಳಗೆ ಮಾಡಿ ಕೊಡುವ ಪದ್ಧತಿ ನಮ್ಮಲ್ಲಿದೆ. ವೈದ್ಯರ ಅಥವಾ ಆಹಾರತಜ್ಞರ ಒಪ್ಪಿಗೆಯಿದ್ದಲ್ಲಿ ಇದು ಒಳ್ಳೆಯದೇ. ಆದರೆ ಇಲ್ಲಿ ಕೆಲವು ಅಪಾಯಗಳು ಅಡಗಿವೆ. ಮೊದಲನೆಯದು ಮಿಕ್ಸಿಯ ಜಾರು. ಬ್ಲೇಡಿನ ಬುಡದಲ್ಲಿ, ಮುಚ್ಚಳದ ರಬ್ಬರ್ ಬಳೆಯ ಸಂದಿನಲ್ಲಿ ಹಿಂದಿನ ದಿನದ ಚಟ್ನಿಯ ಅಂಶ ಕುಳಿತಿರುತ್ತದೆ. ರಬ್ಬರ್ ಬಳೆಯನ್ನು ಬಿಚ್ಚಿ ತೊಳೆದು ಒಣಗಿಸಬೇಕು. ಸಾಧ್ಯವಾದಲ್ಲಿ ಮಗುವಿಗೆಂದೇ ಒಂದು ಚಿಕ್ಕ ಜಾರನ್ನು ಮೀಸಲಿಡಬೇಕು. ಎರಡನೆಯದು ಸೋಸುವ ಬಟ್ಟೆ. ಗಂಜಿಯನ್ನು ಸೋಸಿ, ಬಟ್ಟೆಯನ್ನು ಹಿಂಡಿ, ಮೊಳೆಗೆ ನೇತುಹಾಕಿ, ಮತ್ತೊಮ್ಮೆ ಅದನ್ನೇ ಬಳಸುವುದು ರೋಗಾಣುಗಳಿಗೆ ಮನೆ ಕಟ್ಟಿಕೊಟ್ಟಂತೆ. ಸ್ಟೀಲಿನ ಸಣ್ಣ ಜರಡಿ ಮೇಲು. ಬಟ್ಟೆಯೇ ಬೇಕಾದಲ್ಲಿ ಪ್ರತಿಸಲವೂ ಸಾಬೂನಿನಲ್ಲಿ ಒಗೆದು, ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಒಣಗಿಸಿದ ತುಂಡನ್ನು ಬಳಸಬೇಕು. ಮೂರನೆಯದಾಗಿ, ಅರೆದು ಸೋಸಿದ ಆಹಾರವನ್ನು ಇನ್ನೊಮ್ಮೆ ಕುದಿ ಬರುವವರೆಗೆ ಕಾಯಿಸಿ ಆರಿಸಿದ ಮೇಲೆಯೇ ಕೊಡಬೇಕು.

ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯ ಹಿಟ್ಟು, ಅಂದರೆ ರಾಗಿ ಮಾಲ್ಟು, ಗಂಜಿಯನ್ನು ಗಟ್ಟಿಯಾಗಲು ಬಿಡದೆ ತೆಳ್ಳಗೆ ಇಡುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಇಂಥ ಮೊಳಕೆಯ ಧಾನ್ಯದಿಂದ ಶಿಶು ಆಹಾರವನ್ನು ತಯಾರಿಸುವ ಬಗ್ಗೆ ಸಂಶೋಧನೆಗಳು ನಡೆದಿವೆ. ಹೆಚ್ಚು ಹಿಟ್ಟನ್ನು ಕಡಮೆ ನೀರಿನಲ್ಲಿ ಕೊಡಬಹುದಾದ ಕಾರಣ ನಳಿಕೆಯ ಮಕ್ಕಳಿಗೆ ಇದು ಉಪಯುಕ್ತ. ಆದರೆ ಬೇಯಿಸಿದ ಗಂಜಿಯ ಮೇಲೆ ಹಸಿ ಮಾಲ್ಟ್ ಹಿಟ್ಟನ್ನು ಉದುರಿಸಿ ಹಾಗೆಯೇ ಕೊಡಬಾರದು. ಮೊಳಕೆ ಬರುವಾಗಿನ ತೇವ ಮತ್ತು ಬೆಚ್ಚನೆಯಲ್ಲಿ ರೋಗಾಣುಗಳೂ ಬೆಳೆದಿರುತ್ತವೆ. ಹಿಟ್ಟು ಸೇರಿಸಿದ ಬಳಿಕ ಮತ್ತೆ ಕುದಿಸುವುದು ಅತ್ಯಗತ್ಯ. ಒಂದು ವರ್ಷ ತುಂಬದ ಮಗುವಿಗೆ ಯಾವ ಕಾರಣಕ್ಕೂ ಜೇನುತುಪ್ಪವನ್ನು ಕೊಡಕೂಡದು.

ಕಾಲವೇ ದೊಡ್ಡ ಶತ್ರು

ಆಹಾರ ಎಷ್ಟೇ ಶುದ್ಧವಾಗಿದ್ದರೂ ಅದರಲ್ಲಿ ಕೆಲವಾದರೂ ರೋಗಾಣುಗಳು ಉಳಿದಿರುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದ ನಡುವೆ ಅವು ವೃದ್ಧಿಯಾಗುತ್ತವೆ. ನಮ್ಮ ಅಡಿಗೆಮನೆಯ ಶಾಖ ಸರಿಯಾಗಿ ಇದರ ಮಧ್ಯದಲ್ಲಿದೆ. ಅನುಕೂಲ ಸ್ಥಿತಿಯಲ್ಲಿ ಕೆಲವು ರೋಗಾಣುಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಹಾಗೆ ಲೆಕ್ಕ ಹಾಕಿದರೆ ಒಂದು ರೋಗಾಣು 2 ಗಂಟೆಯಲ್ಲಿ 64 ಆಗುತ್ತದೆ. 4 ಗಂಟೆಯಲ್ಲಿ 4,096 ಆಗುತ್ತದೆ. 6 ಗಂಟೆಯಲ್ಲಿ 2,62,144 ಆಗುತ್ತದೆ. ಬೆಳಗ್ಗೆ 8ಕ್ಕೆ ಮಾಡಿದ ಗಂಜಿಯನ್ನು ಮಧ್ಯಾಹ್ನ 2ಕ್ಕೆ ಕೊಡುವುದರಲ್ಲಿ ಇರುವ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ. ಆ ಹೊತ್ತಿಗೆ ಗಂಜಿಯ ವಾಸನೆಯಾಗಲಿ ಬಣ್ಣವಾಗಲಿ ಬದಲಾಗಿರಲೇಬೇಕೆಂಬ ನಿಯಮವಿಲ್ಲ.

"ಮತ್ತೆ ಬಿಸಿ ಮಾಡಿದರಾಯಿತು" ಎಂಬ ಮಾತೂ ಪೂರ್ತಿ ನಂಬತಕ್ಕದ್ದಲ್ಲ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಗಂಜಿ ಆರಿ ಹೊರಗೆ ಉಳಿದಾಗ ಅವು ಚಿಗುರಿ, ವಾಂತಿಯನ್ನುಂಟುಮಾಡುವ ವಿಷವನ್ನು ತಯಾರಿಸುತ್ತವೆ. ಆ ವಿಷವು ಮರಳಿ ಕಾಯಿಸಿದರೂ ನಾಶವಾಗುವುದಿಲ್ಲ.

ಆದುದರಿಂದ ಆಯಾ ಹೊತ್ತಿನ ಆಹಾರವನ್ನು ಆಯಾ ಹೊತ್ತಿಗೇ ಮಾಡುವುದು ಮೊದಲ ಉಪಾಯ. ಶೀತಕವಿಲ್ಲದ ಮನೆಯಲ್ಲಿ ಇದೊಂದೇ ಉಪಾಯ. ಶೀತಕವಿರುವಲ್ಲಿ, ಮಾಡಿದ ಆಹಾರವನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟು ಸಣ್ಣ ಡಬ್ಬಿಗಳಿಗೆ ಹಂಚಿ, ಬೇಗ ಆರಿಸಿ, ಬಾಗಿಲಿನ ತಟ್ಟೆಯಲ್ಲಿಡದೆ ಒಳಗಿನ ಹಂತದಲ್ಲಿಟ್ಟು 24 ಗಂಟೆಗಳೊಳಗೆ ಮುಗಿಸಬೇಕು. ಒಮ್ಮೆ ಮಾತ್ರ ಬಿಸಿ ಮಾಡಬೇಕು. ವಿದ್ಯುತ್ತು ಬಹುಹೊತ್ತು ಇಲ್ಲದ ದಿನ ಶೀತಕವೂ ಸಾಮಾನ್ಯ ಬೀರುವಿಗೆ ಸಮ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಅರೆದು ಮಾಡಿದ ಆಹಾರವನ್ನು ಚೀಲದಲ್ಲಿ ತೂಗುಹಾಕಿ ಹನಿಹನಿಯಾಗಿ ಕೊಡುವುದಾದರೆ 2 ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ಚೀಲದಲ್ಲಿ ಉಳಿದಿರುವ ಹಳೆಯ ಆಹಾರದ ಮೇಲೆ ಹೊಸದನ್ನು ಎಂದಿಗೂ ಸುರಿಯಕೂಡದು. ಚೀಲ ಮತ್ತು ಅದರ ಕೊಳವೆಯನ್ನು 24 ಗಂಟೆಗೊಮ್ಮೆ ಬದಲಿಸಬೇಕು. ಮಿಕ್ಕ ಆಹಾರವನ್ನು ಚೆಲ್ಲಲು ಮನಸ್ಸು ಬಾರದಿರುವುದು ಸಹಜ. ಅನ್ನವನ್ನು ಚೆಲ್ಲಬಾರದೆಂದು ಕಲಿತವರು ನಾವು. ಅದಕ್ಕೆ ಪರಿಹಾರ, ಅಳೆದು ಸ್ವಲ್ಪವಾಗಿ ಮಾಡುವುದು.

ಸಿರಿಂಜು ಮತ್ತು ನಳಿಕೆ

ಉಪಯೋಗಿಸಿದ ಸಿರಿಂಜನ್ನು ಕೂಡಲೇ ಬಿಚ್ಚಿ, ಒಳಗಿನ ಒತ್ತುಕೋಲನ್ನು ಹೊರತೆಗೆದು, ಮೊದಲು ತಣ್ಣೀರಿನಲ್ಲಿ, ಅನಂತರ ಬೆಚ್ಚನೆಯ ಸಾಬೂನಿನ ನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಬೇಕು. ಭಾಗಗಳನ್ನು ಜೋಡಿಸದೆ ಹಾಗೆಯೇ ಒಣಗಿಸಿ ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ಒದ್ದೆಯಾಗಿಯೇ ಜೋಡಿಸಿಟ್ಟ ಸಿರಿಂಜಿನಲ್ಲಿ ರೋಗಾಣುಗಳು ಸುಖವಾಗಿ ಬೆಳೆಯುತ್ತವೆ. ಹೊದಿಕೆಯ ಮೇಲೆ 2 ಎಂಬ ಅಂಕೆಗೆ ಅಡ್ಡಗೆರೆ ಎಳೆದ ಗುರುತಿದ್ದರೆ ಅದು ಒಂದೇ ಬಾರಿಯ ಬಳಕೆಯ ವಸ್ತುವೆಂದು ಅರ್ಥ. ಮತ್ತೆ ಮತ್ತೆ ಬಳಸಬಹುದಾದ ಸಿರಿಂಜನ್ನೇ ಕೇಳಿ ಪಡೆಯಬೇಕು. ಅಂಕೆಗಳು ಅಳಿಸಿದರೆ, ಒತ್ತುಕೋಲು ಬಿಗಿಯಾದರೆ, ಬಿರುಕು ಬಿಟ್ಟರೆ ಅದನ್ನು ತೆಗೆದುಹಾಕಬೇಕು. ಒಂದು ಮಗುವಿನ ಸಿರಿಂಜನ್ನು ಇನ್ನೊಂದು ಮಗುವಿಗೆ ಬಳಸಕೂಡದು.

ನಳಿಕೆಯ ಒಳಗೋಡೆಯಲ್ಲಿಯೂ ರೋಗಾಣುಗಳು ಪಾಚಿಯಂತೆ ಅಂಟಿಕೊಂಡು ಪದರವಾಗಿ ಬೆಳೆಯುತ್ತವೆ. ಬ್ರಿಟನ್ನಿನ ಸಂಶೋಧಕರು ನವಜಾತ ಶಿಶುಗಳ ಘಟಕಗಳಿಂದ ನೂರಕ್ಕೂ ಹೆಚ್ಚು ನಳಿಕೆಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದು ಕಂಡುಬಂದಿದೆ. ಪ್ರತಿ ಆಹಾರದ ಮುಂಚೆ ಮತ್ತು ನಂತರ, ಪ್ರತಿ ಔಷಧಿಯ ನಂತರ, ವೈದ್ಯರು ಹೇಳಿದ ಅಳತೆಯಷ್ಟು ಕುದಿಸಿ ಆರಿಸಿದ ನೀರನ್ನು ಹಾಯಿಸುವುದರಿಂದ ನಳಿಕೆಯಲ್ಲಿ ಆಹಾರ ನಿಲ್ಲುವುದಿಲ್ಲ. ಕಟ್ಟಿಕೊಂಡ ನಳಿಕೆಗೆ ತಂತಿಯನ್ನು ತೂರಿಸುವುದು ಅಪಾಯಕರ. ಸಾಮಾನ್ಯ ಪಿವಿಸಿ ನಳಿಕೆ ಜಠರದಲ್ಲಿ ಕೆಲವೇ ದಿನಗಳಲ್ಲಿ ಪೆಡಸಾಗುತ್ತದೆ. ಅದನ್ನು ಸುಮಾರು ಒಂದು ವಾರಕ್ಕೆ ಬದಲಿಸುವುದು ವಾಡಿಕೆ. ಪಾಲಿಯುರೆಥೇನ್ ನಳಿಕೆ ಕೆಲವು ವಾರಗಳವರೆಗೆ ಇರಬಲ್ಲುದು. ತಮ್ಮ ಮಗುವಿನದು ಯಾವ ಬಗೆ ಎಂಬುದನ್ನು ಕೇಳಿ ತಿಳಿದು, ಹಾಕಿದ ದಿನ ಮತ್ತು ಬದಲಿಸಬೇಕಾದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡತಕ್ಕದ್ದು.

ನೈರ್ಮಲ್ಯದಷ್ಟೇ ಮುಖ್ಯವಾದುದು ನಳಿಕೆಯ ತುದಿ ಜಠರದಲ್ಲಿಯೇ ಇದೆಯೆಂದು ಖಚಿತಮಾಡಿಕೊಳ್ಳುವುದು. ಶ್ವಾಸಕೋಶಕ್ಕೆ ಇಳಿದ ಹಾಲು ನ್ಯುಮೋನಿಯಾಕ್ಕೆ, ಮರಣಕ್ಕೂ ಕಾರಣವಾಗಬಹುದು. ಪ್ರತಿಬಾರಿಯೂ ಮೂಗಿನ ಬಳಿ ಮಾಡಿದ ಗುರುತು ಸ್ವಸ್ಥಾನದಲ್ಲಿದೆಯೇ, ಬಾಯಿಯೊಳಗೆ ನಳಿಕೆ ಸುರುಳಿಯಾಗಿದೆಯೇ ಎಂದು ನೋಡಬೇಕು. ಆಮೇಲೆ ಸಿರಿಂಜಿನಿಂದ ಸ್ವಲ್ಪ ದ್ರವವನ್ನು ಹಿಂದೆಗೆದು ಪಿಎಚ್ ಕಾಗದದಿಂದ ಪರೀಕ್ಷಿಸಬೇಕು, 5.5 ಅಥವಾ ಅದಕ್ಕಿಂತ ಕಡಮೆ ಬಂದರೆ ಮಾತ್ರ ಆಹಾರ ಕೊಡಬೇಕು. ದ್ರವ ಬಾರದಿದ್ದರೆ ಮಗುವನ್ನು ಎಡಮಗ್ಗುಲಿಗೆ ಮಲಗಿಸಿ 15ರಿಂದ 30 ನಿಮಿಷ ಕಾದು ಮತ್ತೆ ಪ್ರಯತ್ನಿಸಬೇಕು. ಆಗಲೂ ಬಾರದಿದ್ದರೆ, ಅಥವಾ ಅಂಕೆ ಹೆಚ್ಚಿದ್ದರೆ, ಆಹಾರ ಕೊಡದೆ ಆಸ್ಪತ್ರೆಯವರ ಸಲಹೆ ಪಡೆಯಬೇಕು. ಆಮ್ಲ ಕಡಮೆ ಮಾಡುವ ಔಷಧಿ ಪಡೆಯುವ ಮಕ್ಕಳಲ್ಲಿ ಅಂಕೆ ಹೆಚ್ಚಾಗಿ ಬರುವುದುಂಟು. ಅವರಿಗೆ ಏನು ಮಾಡಬೇಕೆಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಸಿರಿಂಜಿನಿಂದ ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಸದ್ದು ಕೇಳುವ ಹಳೆಯ ಕ್ರಮ ಭರವಸೆಗೆ ಅರ್ಹವಲ್ಲ. 2005ರಲ್ಲಿಯೇ ಬ್ರಿಟನ್ನಿನ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ ಇದನ್ನು ಬಿಡಬೇಕೆಂದು ಎಚ್ಚರಿಸಿತ್ತು. ಪಿಎಚ್ ಕಾಗದವನ್ನೂ ಅದನ್ನು ಓದುವ ಕ್ರಮವನ್ನೂ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನವೇ ಕೇಳಿ ಪಡೆಯುವುದು ತಂದೆ ತಾಯಿಯರ ಹಕ್ಕು. ಆಹಾರ ಕೊಡುವಾಗಲೂ, ಕೊಟ್ಟ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೂ, ಮಗುವಿನ ತಲೆ ಮತ್ತು ಎದೆ ಎತ್ತರದಲ್ಲಿರಬೇಕು.

ಹೊಟ್ಟೆಯ ನಳಿಕೆಯಿರುವ ಮಗುವಿನ ರಂಧ್ರದ ಸುತ್ತಲಿನ ಚರ್ಮವನ್ನು ದಿನವೂ ಸಾಬೂನು ನೀರಿನಿಂದ ಮೃದುವಾಗಿ ತೊಳೆದು ಪೂರ್ತಿ ಒಣಗಿಸಬೇಕು. ಅರಿಸಿನ, ಬೂದಿ, ಎಣ್ಣೆ, ಪೌಡರುಗಳನ್ನು ಹಚ್ಚಬಾರದು. ಚರ್ಮ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ದುರ್ವಾಸನೆ ಬಂದರೆ, ಮಾಂಸ ಬೆಳೆದಂತೆ ಕಂಡರೆ ವೈದ್ಯರಿಗೆ ತೋರಿಸಬೇಕು. ನಳಿಕೆ ಕಳಚಿ ಬಿದ್ದಲ್ಲಿ ಶುದ್ಧವಾದ ಬಟ್ಟೆಯನ್ನು ಮುಚ್ಚಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆ ರಂಧ್ರವು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ.

ಮರೆತುಹೋಗುವ ಬಾಯಿ

ಬಾಯಿಯಿಂದ ಏನನ್ನೂ ತಿನ್ನದ ಮಗುವಿಗೆ ಹಲ್ಲುಜ್ಜುವ ಅಗತ್ಯವೇನು ಎಂದು ಕೇಳುವವರುಂಟು. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಅಗಿಯದ ಬಾಯಿಯಲ್ಲಿ ಜೊಲ್ಲಿನ ಓಡಾಟ ಕಡಮೆಯಾಗಿ ಹಲ್ಲು ಮತ್ತು ನಾಲಿಗೆಯ ಮೇಲೆ ಕೊಳೆ ಹೆಚ್ಚುತ್ತದೆ. ನುಂಗಲಾರದ ಮಗುವಿನಲ್ಲಿ ಆ ರೋಗಾಣುಭರಿತ ಜೊಲ್ಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ದಿನಕ್ಕೆ ಎರಡು ಬಾರಿ ಮೃದುವಾದ ಬ್ರಷ್ಷಿನಿಂದ ಹಲ್ಲುಗಳನ್ನೂ, ಹಲ್ಲು ಬಾರದ ಶಿಶುವಿಗೆ ಒದ್ದೆ ಬಟ್ಟೆಯಿಂದ ಒಸಡುಗಳನ್ನೂ ಶುಚಿಮಾಡಬೇಕು. ಈ ವೇಳೆ ಮಗುವನ್ನು ಮಗ್ಗುಲಾಗಿ ಮಲಗಿಸುವುದು ಕ್ಷೇಮ.

ಅಪಾಯದ ಚಿಹ್ನೆಗಳು

ಆಹಾರ ಕೊಡುವಾಗ ಮಗು ಕೆಮ್ಮಿದರೆ, ಏದುಸಿರು ಬಿಟ್ಟರೆ, ತುಟಿ ನೀಲಿಯಾದರೆ ತಕ್ಷಣ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಜ್ವರ, ಮತ್ತೆ ಮತ್ತೆ ವಾಂತಿ, ಹೊಟ್ಟೆಯುಬ್ಬರ, ಮಲದಲ್ಲಿ ರಕ್ತ, ಮಂಕು, ಮೂತ್ರ ಕಡಮೆಯಾಗುವಿಕೆ ಇವು ಕಂಡರೆ ಅದೇ ದಿನ ವೈದ್ಯರ ಬಳಿಗೆ ಒಯ್ಯಬೇಕು. ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ಒಂದು ಗಂಟೆಯೂ ಕಾಯಬಾರದು. ಭೇದಿಯಾದಲ್ಲಿ ಓಆರ್‌ಎಸ್ ದ್ರಾವಣವನ್ನು ವೈದ್ಯರ ಸಲಹೆಯಂತೆ ನಳಿಕೆಯ ಮೂಲಕವೇ ನಿಧಾನವಾಗಿ ಕೊಡಬಹುದು. ಕಲಸಿದ ದ್ರಾವಣವನ್ನು 24 ಗಂಟೆಯ ಮೇಲೆ ಇಡಬಾರದು. ಜೊತೆಗೆ 14 ದಿನಗಳ ಜಿಂಕ್ ಔಷಧಿಯನ್ನು, ಭೇದಿ ನಿಂತರೂ ಬಿಡದೆ, ಪೂರ್ತಿಗೊಳಿಸಬೇಕು.

ಇವುಗಳನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆರೋಗ್ಯವಂತ ಮಗುವಿಗೆ ಎರಡು ದಿನದ ಭೇದಿ ದೊಡ್ಡ ಸಂಗತಿಯಲ್ಲದಿರಬಹುದು. ಆದರೆ ಒಂದೊಂದು ಗ್ರಾಂ ತೂಕವನ್ನೂ ಕಷ್ಟದಿಂದ ಗಳಿಸುತ್ತಿರುವ ನಳಿಕೆಯ ಮಗುವು, ಹಲವು ವಾರಗಳಲ್ಲಿ ಗಳಿಸಿದುದನ್ನು ಆ ಎರಡು ದಿನಗಳಲ್ಲಿ ಕಳೆದುಕೊಳ್ಳುತ್ತದೆ. ಮತ್ತೆ ಆಸ್ಪತ್ರೆ, ಮತ್ತೆ ತಂದೆಯ ಕೂಲಿಯ ನಷ್ಟ, ಮತ್ತೆ ಮನೆಯಲ್ಲಿ ಉಳಿದ ಮಕ್ಕಳ ಪರದಾಟ.

ಒಬ್ಬರ ಹೆಗಲ ಮೇಲೆ ಬೇಡ

ಇಷ್ಟೆಲ್ಲವನ್ನೂ ತಾಯಿಯೊಬ್ಬಳೇ ಮಾಡಬೇಕೆಂದು ಬಯಸುವುದು ನ್ಯಾಯವಲ್ಲ. ರಾತ್ರಿ 2ಕ್ಕೆ ಎದ್ದು ನಳಿಕೆಗೆ ಹಾಲು ಹಾಕಿದವಳು, ಬೆಳಗ್ಗೆ 5ಕ್ಕೆ ದಣಿದ ಕಣ್ಣಿನಲ್ಲಿ ಕೈ ತೊಳೆಯುವುದನ್ನು ಮರೆತರೆ ಅದು ದಣಿವಿನ ಫಲ. ತಂದೆ, ಅಜ್ಜಿ, ಅತ್ತೆ, ಚಿಕ್ಕಪ್ಪ, ಮನೆಯಲ್ಲಿ ಇನ್ನೂ ಒಬ್ಬರಾದರೂ ಈ ಕೆಲಸವನ್ನು ಆಸ್ಪತ್ರೆಯಲ್ಲಿಯೇ ಕಲಿತಿರಬೇಕು. ನೀರು ಕುದಿಸುವುದು, ಸಿರಿಂಜು ತೊಳೆಯುವುದು, ಕ್ಯಾಲೆಂಡರ್ ನೋಡಿಕೊಳ್ಳುವುದು ಗಂಡಸರಿಂದ ಆಗದ ಕೆಲಸಗಳೇನೂ ಅಲ್ಲ. ಒಂದೇ ಕೋಣೆಯ ಮನೆಯಲ್ಲಿಯೂ, ಮುಚ್ಚಳವಿರುವ ಒಂದು ಡಬ್ಬಿ, ಒರೆಸಿ ಶುಚಿಮಾಡಿದ ಒಂದು ಮಣೆ, ಒಂದು ಸಾಬೂನು, ಕುದಿಸಿದ ನೀರಿನ ಒಂದು ಪಾತ್ರೆ, ಇಷ್ಟು ಮಗುವಿಗೆಂದು ಮೀಸಲಿದ್ದರೆ ಕೆಲಸ ಸಾಗುತ್ತದೆ.

ತಮ್ಮ ಊರಿನ ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಹಾಯಕಿಯರಿಗೆ ಮನೆಯಲ್ಲಿ ಇಂಥ ಮಗುವಿರುವುದನ್ನು ತಿಳಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಮತ್ತು ಮುಂದಿನ ಚಿಕಿತ್ಸೆಗೆ ಏರ್ಪಾಡಿದೆ. ಬೆಳವಣಿಗೆಯ ತೊಂದರೆಯಿರುವ ಮಕ್ಕಳಿಗಾಗಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು ಅದರಲ್ಲಿ ಯೋಜಿಸಲಾಗಿದೆ. ನಾಚಿಕೆಯಿಂದ ಮಗುವನ್ನು ಒಳಕೋಣೆಯಲ್ಲಿಡುವುದರಿಂದ ಈ ಸಹಾಯಗಳು ಕೈತಪ್ಪುತ್ತವೆ.

ಆರೋಗ್ಯ ಕಾರ್ಯಕರ್ತರಲ್ಲಿಯೂ ಒಂದು ವಿನಂತಿ. ಇಂಥ ಮನೆಗೆ ಹೋದಾಗ "ಶುಚಿಯಾಗಿಡಿ" ಎಂದು ಹೇಳಿ ಹಿಂತಿರುಗಬೇಡಿ. ಸಿರಿಂಜಿನ ಡಬ್ಬಿಯನ್ನು ತೆರೆಸಿ ನೋಡಿ; ಸೋಸುವ ಬಟ್ಟೆ ಎಲ್ಲಿ ಒಣಗುತ್ತಿದೆಯೆಂದು ನೋಡಿ; ಕಳೆದ ರಾತ್ರಿ ಆ ತಾಯಿ ಎಷ್ಟು ಹೊತ್ತು ನಿದ್ರಿಸಿದಳೆಂದು ಕೇಳಿ. ಈ ಮೂರರ ಉತ್ತರದಲ್ಲಿ ಆ ಮಗುವಿನ ಮುಂದಿನ ತಿಂಗಳ ಆರೋಗ್ಯ ಬಹುಮಟ್ಟಿಗೆ ತಿಳಿಯುತ್ತದೆ.

ತೊಳೆದ ಕೈ, ಕುದಿಸಿದ ನೀರು, ಆಗತಾನೇ ಮಾಡಿದ ಆಹಾರ, ಒಣಗಿದ ಸಿರಿಂಜು, ಪರೀಕ್ಷಿಸಿದ ನಳಿಕೆ, ಶುಚಿಯಾದ ಬಾಯಿ. ಈ ಆರನ್ನು ಒಂದು ಕಾಗದದ ಮೇಲೆ ಬರೆದು, ಮಗುವಿಗೆ ಆಹಾರ ಕೊಡುವ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿಕೊಳ್ಳಬೇಕೆಂದು ತಮ್ಮಲ್ಲಿ ಪ್ರಾರ್ಥಿಸುತ್ತಾ ನನ್ನ ಮಾತನ್ನು ಮುಗಿಸುತ್ತೇನೆ.